ಖಾಲಿ ಮಾತ್ರೆ ಬಾಟಲಿ ಏನು ಮಾಡೋದು? ಫಾರ್ಮಸಿಸ್ಟ್ ಸುಮತಿಯವರ ಜೊತೆ ಪ್ರಶ್ನೋತ್ತರ

ಅಡ್ಮಿನ್: ಮುಂಬೈ, ಪುಣೆ, ಗೋವಾದವರೆಲ್ಲ ಕೇಳಬಹುದು. ಥೈರಾಯ್ಡ್ ಬಾಟಲಿ, ಕ್ಯಾಲ್ಸಿಯಂ ಡಬ್ಬಿ, ಮಕ್ಕಳು ಅಮೆರಿಕದಿಂದ ತರುವ ಕಿತ್ತಳೆ ಬಾಟಲಿ, ಯಾವುದಾದರೂ ಸರಿ. ಫಾರ್ವರ್ಡ್ ಹಾಕಬೇಡಿ.

ಶಾಲಿನಿ, ಡೊಂಬಿವಲಿ: ಸುಮತಿ ಅಕ್ಕ, ಲೇಬಲ್ ಕಿತ್ತರೆ ಅಂಟು ಉಳೀತದೆ. ಏನು ಮಾಡೋದು?

ಸುಮತಿ: ಬಿಸಿ ಸೋಪುನೀರಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ, ಅಡುಗೆ ಸೋಡಾ ಸಮಸಮ ಕಲಸಿ ಹಚ್ಚಿ, 20 ನಿಮಿಷ ಬಿಟ್ಟು ಉಜ್ಜಿ. ಹಳೇ ಲೇಬಲ್ ಪೂರ್ತಿ ಹೋಗಲೇಬೇಕು. ಗುಂಡಿ ತುಂಬಿದರೂ ‘ಗುಂಡಿ’ ಅಂತ ಬರೆದು ಅಂಟಿಸಿ.

ಉದಯ, ಭಾಂಡುಪ್: ಒತ್ತಿ ತಿರುಗಿಸುವ ಮುಚ್ಚಳ ಅಮ್ಮನಿಗೆ ತೆಗೀಲಿಕ್ಕೆ ಆಗುದಿಲ್ಲ.

ಸುಮತಿ: ಅಮೆರಿಕದ ಕೆಲವು ಬಾಟಲಿಗಳಲ್ಲಿ ಮುಚ್ಚಳ ತಲೆಕೆಳಗು ಮಾಡಿ ಹಾಕಿದರೆ ಸಾದಾ ತಿರುಪಿನ ಮುಚ್ಚಳ ಆಗುತ್ತೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹಾಗೆ ಮಾಡಬೇಡಿ.

ಬಸವರಾಜ, ಪಿಂಪ್ರಿ: ಅಕ್ಕಾರ, ಅಪ್ಪನ ಆಸ್ಪಿರಿನ್ 75 ಸ್ಟ್ರಿಪ್‌ನಿಂದ ಬಿಚ್ಚಿ ಕ್ಯಾಲ್ಸಿಯಂ ಬಾಟಲಿಗೆ ಹಾಕೀವ್ರಿ, ತಿಂಗಳಾತು. ಈಗ ಮುಚ್ಚಳ ತಗದ್ರ ಹುಳಿ ವಾಸನಿ. ಬಾಟಲಿ ಚಲೋತ್ನ್ಯಾಗ ತೊಳದಿದ್ವಿ.

ಸುಮತಿ: ತೊಳೆದದ್ದೇ ಕಾರಣ ಇರಬೇಕು. ಮುಚ್ಚಳದ ಒಳಗೆ ದುಂಡನೆಯ ರಟ್ಟು ಇದೆಯಾ ನೋಡಿ. ಅದು ನೀರು ಹೀರುತ್ತೆ. ಬಾಟಲಿ ಒಣಗಿದ ಹಾಗೆ ಕಂಡರೂ ರಟ್ಟು ಒಣಗಿರಲ್ಲ, ಮಳೆಗಾಲದಲ್ಲಂತೂ ಎರಡು ದಿನ ಬಿಟ್ಟರೂ ಕಷ್ಟ. ಆ ತೇವಕ್ಕೆ ಆಸ್ಪಿರಿನ್ ಒಡೆದು ಸ್ಯಾಲಿಸಿಲಿಕ್ ಆಮ್ಲ, ಅಸಿಟಿಕ್ ಆಮ್ಲ ಆಗುತ್ತೆ. ಎರಡನೆಯದೇ ವಿನೆಗರಿನ ಹುಳಿ, ನಿಮಗೆ ಬರ್ತಿರೋದು ಅದೇ. ಮಾತ್ರೆ ಬೆಳಕಿಗೆ ಹಿಡಿದು ನೋಡಿ, ಮೇಲೆ ಸೂಜಿಯಂಥ ಸಣ್ಣ ಬಿಳಿ ಹರಳು ಇರಬಹುದು. ಅಂಥದ್ದರಲ್ಲಿ ಔಷಧ ಕಡಿಮೆ, ಹೊಟ್ಟೆಗೆ ಉರಿ ಜಾಸ್ತಿ. ಎಲ್ಲಾ ಬಿಸಾಕಿ, ಇವತ್ತೇ ಹೊಸ ಸ್ಟ್ರಿಪ್ ತನ್ನಿ. ಹೃದಯಕ್ಕೆ ಕೊಟ್ಟ ಆಸ್ಪಿರಿನ್ ಒಂದು ದಿನವೂ ತಪ್ಪಬಾರದು. ಬಾಟಲಿಗೆ ಇನ್ನೇನು ಬಿಚ್ಚಿ ಹಾಕಿದ್ದೀರಿ?

ಬಸವರಾಜ, ಪಿಂಪ್ರಿ: ಇನ್ನೊಂದರಾಗ ಎದಿನೋವು ಬಂದ್ರ ನಾಲಗಿ ಕೆಳಗ ಇಡೂ ಗುಳಿಗಿ ಅದಾವ್ರಿ, ಹತ್ತಿ ಹಾಕಿ. ಮದಲ ಸಣ್ಣ ಗಾಜಿನ ಶೀಶೆದಾಗ ಇದ್ದವು.

ಸುಮತಿ: ಗಾಜಿನ ಶೀಶೆ ಅಂದರೆ ಗ್ಲಿಸರಿಲ್ ಟ್ರೈನೈಟ್ರೇಟ್ ಇರಬೇಕು. ಆಸ್ಪಿರಿನ್‌ಗಿಂತ ಇದು ನನಗೆ ಹೆಚ್ಚು ಚಿಂತೆ. ಆ ಔಷಧ ಆವಿಯಾಗಿ ಹೋಗುತ್ತೆ, ಪ್ಲಾಸ್ಟಿಕ್ಕೂ ಹತ್ತಿಯೂ ಅದನ್ನು ಹೀರಿಕೊಳ್ಳುತ್ತವೆ. ಮಾತ್ರೆ ನೋಡೋದಕ್ಕೆ ಹಾಗೇ ಇರುತ್ತೆ, ನೋವು ಬಂದಾಗ ಕೆಲಸ ಮಾಡಲ್ಲ. ವಾಸನೆಯಿಂದಲೂ ಗೊತ್ತಾಗಲ್ಲ. ಇವತ್ತೇ ಹೊಸದು ತಂದು ಅದರದೇ ಗಾಜಿನ ಶೀಶೆಯಲ್ಲಿ, ಬಿಗಿ ಮುಚ್ಚಳ ಹಾಕಿ ಇಡಿ. ಹತ್ತಿ ಬೇಡ, ಬೇರೆ ಮಾತ್ರೆ ಜೊತೆಗೂ ಬೇಡ. ತೆರೆದ ದಿನಾಂಕ ಬರೆಯಿರಿ, 8 ವಾರ ಆದಮೇಲೆ ಬದಲಾಯಿಸಿ. ಮಾತ್ರೆ ಇಟ್ಟು 5 ನಿಮಿಷದಲ್ಲಿ ನೋವು ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ. ಐಸೊಸಾರ್ಬೈಡ್ ಆಗಿದ್ದರೆ ಸ್ಟ್ರಿಪ್‌ನಲ್ಲೇ ಬಿಡಿ. ಹೆಸರು ನೋಡಿ ಇಲ್ಲಿ ಹಾಕಿ.

ಜಯಂತಿ, ಬೊರಿವಲಿ: *ಫಾರ್ವರ್ಡ್* ಕಿತ್ತಳೆ ಬಾಟಲಿಗೆ ಎಳ್ಳೆಣ್ಣೆ ತುಂಬಿ 40 ದಿನ ಬಿಸಿಲಿಗಿಡಿ, ಮಂಡಿನೋವು ಮಾಯ 🙏

ಸುಮತಿ: ಬೆಳಕು ಒಳಗೆ ಹೋಗಬಾರದು ಅಂತಲೇ ಆ ಬಣ್ಣ. 40 ದಿನ ಬಿಸಿಲಿಗಿಟ್ಟರೆ ಎಣ್ಣೆ ಕಮಟು ಹಿಡಿಯುತ್ತೆ, ಅಷ್ಟೆ.

ಶಾಲಿನಿ, ಡೊಂಬಿವಲಿ: ಥೈರಾಯ್ಡ್ ಮಾತ್ರೆ ಸಣ್ಣ ಚೆಂದದ ಬಾಟಲಿಗೆ ಹಾಕಿಟ್ಟರೆ?

ಸುಮತಿ: ಬೇಡ. ಬಂದ ಬಾಟಲಿಯಲ್ಲೇ ಇರಲಿ.

ರಮೇಶ, ಠಾಣೆ: ಏಲಕ್ಕಿ, ಲವಂಗ ಹಾಕಬಹುದಲ್ವಾ? ಅಡಿಯಲ್ಲಿ 5 ಅಂತಿದೆ, ಟಿಫಿನ್ ಡಬ್ಬಿಯ ಪ್ಲಾಸ್ಟಿಕ್ಕೇ.

ಉದಯ, ಭಾಂಡುಪ್: ಪ್ಲಾಸ್ಟಿಕ್ ಅದೇ ಮಾರಾಯ್ರೆ, ಒಳಗಿನ ಪುಡಿ? ಅದು ಟಿಫಿನ್‌ನಲ್ಲಿ ಇರ್ತದಾ?

ರಮೇಶ, ಠಾಣೆ: ತೊಳೆದರೆ ಹೋಗುತ್ತೆ. ಎಲ್ಲಾ ಕಚರಾಕ್ಕೆ ಹಾಕಿ ಪರಿಸರ ಅಂತ ಭಾಷಣ ಬೇರೆ.

ಉದಯ, ಭಾಂಡುಪ್: ಭಾಷಣ ನಾನು ಮಾಡಿದ್ದಾ? ನಿಮ್ಮ ಸೊಸೈಟಿಯಲ್ಲಿ ಓಲಾ, ಸುಕಾ (ಹಸಿ ಕಸ, ಒಣ ಕಸ) ಒಟ್ಟಿಗೇ ಹೋಗುದು, ಅದು ಮೊದಲು ನೋಡಿ.

ಸುಮತಿ: ತಿನ್ನೋದು ಬೇಡ. ಅಜ್ಜಿ ಏಲಕ್ಕಿ ಅಂತ ಮಾತ್ರೆ ಬಾಯಿಗೆ ಹಾಕ್ತಾರೆ, ಮಗು ಮಾತ್ರೆನ ಪೆಪ್ಪರ್‌ಮಿಂಟ್ ಅನ್ಕೊಳ್ಳುತ್ತೆ. ಸೂಜಿ, ಬಾಬಿನ್, ಸ್ಕ್ರೂ, ಫ್ಯೂಸ್ ತಂತಿ ಹಾಕಿ. ಕ್ಯಾನ್ಸರ್ ಔಷಧದ ಬಾಟಲಿ ಯಾವುದಕ್ಕೂ ಬೇಡ, ತೊಳೆಯೋದೂ ಬೇಡ.

ಪ್ರಮೀಳಾ, ಮಡಗಾಂವ್: ಗಾಜಿನ ಬಾಟಲಿ ಇಲ್ಲಿ ಯಾರು ತಗೊಳ್ತಾರೆ?

ಉಷಾ, ಮುಲುಂಡ್: ಇನ್ಸುಲಿನ್ ಸೂಜಿ ಬಳಸಿದ ಮೇಲೆ ಇದರಲ್ಲೇ ಹಾಕಬಹುದಾ?

ಸುಮತಿ: ಇದು ಸಣ್ಣದು, ಬೇಗ ತುಂಬುತ್ತೆ. ತುಂಬಿದ್ದಕ್ಕೆ ಇನ್ನೊಂದು ತುರುಕುವಾಗಲೇ ಕೈಗೆ ಚುಚ್ಚೋದು. ಬಟ್ಟೆ ಸೋಪಿನ ದಪ್ಪ ಬಾಟಲಿ ತಗೊಳ್ಳಿ, ಮುಕ್ಕಾಲು ತುಂಬಿದಾಗ ಮುಚ್ಚಿ ಟೇಪ್ ಸುತ್ತಿ.

ಜಯಂತಿ, ಬೊರಿವಲಿ: ಮಾತ್ರೆ ಬಾಟಲಿಗೆ ನಾಲ್ಕು ಅಕ್ಕಿಕಾಳು ಹಾಕಿದ್ರೆ ತೇವ ಬರಲ್ಲ ಅಂತ ಇನ್ನೊಂದು ಬಂದಿದೆ.

ಸುಮತಿ: ಜಯಂತಿಯವರೇ, ಅಕ್ಕಿಗೆ ಅಷ್ಟು ಶಕ್ತಿಯಿಲ್ಲ. ಪುಡಿ ಬರುತ್ತೆ, ಹುಳ ಬರುತ್ತೆ. ಮೂರನೆಯದು ಬಂದರೆ ಅಲ್ಲೇ ಇಟ್ಕೊಳ್ಳಿ.

ರಮೇಶ, ಠಾಣೆ: ಏಲಕ್ಕಿಗೆ ಸರಿಯಾದ ಉತ್ತರ ಸಿಗಲಿಲ್ಲ.

ಸುಮತಿ: ಸಿಕ್ಕಿದೆ. ಮೇಲೆ ನೋಡಿ.

ಬಸವರಾಜ, ಪಿಂಪ್ರಿ: ಗ್ಲಿಸರಿಲ್ ಟ್ರೈನೈಟ್ರೇಟೇ ಅದರೀ. ಹೊಸಾದು ತಂದ್ವಿ, ಗಾಜಿನ ಶೀಶೆದಾಗ ಇಟ್ಟೀವಿ. ಆ ಹುಳಿ ವಾಸನಿ ಬಾಟಲಿ ಸೂಜಿಗಾದ್ರೂ ಆಗ್ತದೇನ್ರಿ?

ಸುಮತಿ: ಬೇಡ. ಆ ಹುಳಿ ಆವಿಗೆ ಸೂಜಿ ತುಕ್ಕು ಹಿಡಿಯುತ್ತೆ. ರಟ್ಟು ಕಿತ್ತು ಬಿಸಾಕಿ, ಬಾಟಲಿ ತೊಳೆದು ಭಂಗಾರ್‌ವಾಲಾಗೆ (ಗುಜರಿಯವರಿಗೆ) ಕೊಡಿ.

ಉದಯ, ಭಾಂಡುಪ್: ರಟ್ಟು ಇಲ್ಲದ ಮುಚ್ಚಳ ಆದ್ರೆ?