ಪದವಿ ಓದುವಾಗಲೇ ಸಂಶೋಧನೆ ಮಾಡಲು ರಾಯಚೂರಿನಲ್ಲಿ ಅವಕಾಶವಿದೆಯೇ?

ಪ್ರಶ್ನೆ: ಬಿಎಸ್ಸಿ ವಿದ್ಯಾರ್ಥಿನಿ, ರಾಯಚೂರು

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರಿನ ಪದವಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಮತ್ತು ಸಸ್ಯಶಾಸ್ತ್ರ ಓದುತ್ತಿರುವ ಎರಡನೆಯ ವರ್ಷದ ವಿದ್ಯಾರ್ಥಿನಿ. ನಮ್ಮ ಊರು ಸಿಂಧನೂರು ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿದೆ. ಭತ್ತ ಬೆಳೆಯುತ್ತಿದ್ದ ಕೆಲವು ಗದ್ದೆಗಳು ಸವಳು ಹಿಡಿದು, ಅಂದರೆ ಮಣ್ಣಿನಲ್ಲಿ ಲವಣ ಹೆಚ್ಚಿ, ಬೀಳುಬಿದ್ದಿವೆ. ಆ ಮಣ್ಣನ್ನು ಕ್ರಮವಾಗಿ ಪರೀಕ್ಷಿಸಿ ಸಣ್ಣದೊಂದು ಅಧ್ಯಯನ ಮಾಡಬೇಕೆಂಬ ಆಸೆಯಿದೆ. ಆದರೆ ಸಂಶೋಧನೆ ಏನಿದ್ದರೂ ಎಂಎಸ್ಸಿ ಮುಗಿದ ಮೇಲಿನ ಮಾತು ಎಂಬ ಉತ್ತರವೇ ಸಿಗುತ್ತಿದೆ. ಪದವಿ ವಿದ್ಯಾರ್ಥಿಗಳಿಗೆಂದೇ ಇರುವ ಯೋಜನೆಗಳು ಯಾವುವು, ಮತ್ತು ಬೆಂಗಳೂರಿಗೆ ಹೋಗದೆ ಇಲ್ಲಿಯೇ ಇಂಥ ಕೆಲಸ ಮಾಡಲು ಸಾಧ್ಯವೇ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ರಸಾಯನಶಾಸ್ತ್ರ ಉಪನ್ಯಾಸಕ, ಬಳ್ಳಾರಿ

ಎಂಎಸ್ಸಿಯವರೆಗೆ ಕಾಯಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಬೆಂಗಳೂರು, ನವದೆಹಲಿ ಮತ್ತು ಪ್ರಯಾಗರಾಜಗಳಲ್ಲಿರುವ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ನಲ್ಲಿ ವಿದ್ಯಾರ್ಥಿಯು ಸುಮಾರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡಬಹುದು. ಇದಕ್ಕೆ ಅಂಕಪಟ್ಟಿಯ ಜೊತೆಗೆ ತಾನು ಏನು ಮಾಡಬಯಸುತ್ತೇನೆ ಎಂಬ ಕಿರುಬರಹ ಮತ್ತು ಅಧ್ಯಾಪಕರ ಶಿಫಾರಸು ಪತ್ರ ಬೇಕಾಗುತ್ತದೆ. ಬೇಸಿಗೆಯ ಕೆಲಸಕ್ಕೆ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿಯೇ ಅರ್ಜಿ ಕರೆಯುವುದು ವಾಡಿಕೆಯಾದ್ದರಿಂದ, ಪರೀಕ್ಷೆ ಮುಗಿದ ಮೇಲೆ ನೋಡೋಣ ಎಂದು ಕುಳಿತವರಿಗೆ ಅದು ತಪ್ಪಿಹೋಗುತ್ತದೆ. ಇದೇ ಫೆಲೋಶಿಪ್‌ಗೆ ಅಧ್ಯಾಪಕರೂ ಅರ್ಜಿ ಹಾಕಬಹುದು ಎಂಬುದು ನಮ್ಮ ಭಾಗದ ಎಷ್ಟೋ ಕಾಲೇಜುಗಳಿಗೆ ಗೊತ್ತೇ ಇಲ್ಲ!

ವಿಜ್ಞಾನ ಓದುವವರಿಗೆ ಕೇಂದ್ರ ಸರ್ಕಾರ ಕೊಡುವ ಇನ್‌ಸ್ಪೈರ್ ವಿದ್ಯಾರ್ಥಿವೇತನವನ್ನು ನೀವು ಪಡೆಯುತ್ತಿದ್ದರೆ ಇನ್ನೊಂದು ಸಂಗತಿಯನ್ನು ಗಮನಿಸಿ. ವರ್ಷಕ್ಕೆ 80,000 ರೂಪಾಯಿ ಎಂದು ಹೇಳುವ ಮೊತ್ತದಲ್ಲಿ 60,000 ಮಾತ್ರ ವಿದ್ಯಾರ್ಥಿವೇತನ. ಉಳಿದ 20,000 ಬೇಸಿಗೆಯ ಸಂಶೋಧನಾ ಯೋಜನೆಗೆಂದು ಮೀಸಲಾದದ್ದು. ಸಂಶೋಧನೆ ಪದವಿ ಹಂತದಲ್ಲಿಯೇ ನಡೆಯಬೇಕೆಂದು ಸರ್ಕಾರವೇ ಬಯಸಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಬೇಸಿಗೆ ಫೆಲೋಶಿಪ್ ಇದೆ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಲ್ಪಾವಧಿ ವಿದ್ಯಾರ್ಥಿವೇತನ ಬೇರೆಯೇ ಇದೆ. ಅದು ನಿಮಗೆ ಅನ್ವಯಿಸುವುದಿಲ್ಲ.

ಉತ್ತರ: ಮಣ್ಣುವಿಜ್ಞಾನದ ಸಂಶೋಧನಾ ವಿದ್ಯಾರ್ಥಿ, ಗಂಗಾವತಿ

ಉಪನ್ಯಾಸಕರು ಹೇಳಿದ ಯೋಜನೆಗಳಿಗೆ ಅರ್ಜಿ ಹಾಕಿ. ಆದರೆ ಆಯ್ಕೆಯಾಗುವವರೆಗೆ ಕೈಕಟ್ಟಿ ಕೂರಬೇಡಿ ತಂಗಿ, ಏಕೆಂದರೆ ನಿಮ್ಮ ಪ್ರಶ್ನೆಗೆ ಬೇಕಾದ ಮಣ್ಣು ನಿಮ್ಮ ಊರಿನಲ್ಲಿದೆ, ತಿಳಿದವರು ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿಯೇ ಇದ್ದಾರೆ. ಅದರ ಅಧೀನದ ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು-ಜವಳು (ಲವಣ ಹೆಚ್ಚಿದ ಮತ್ತು ನೀರು ನಿಂತು ಕೆಟ್ಟ) ಭೂಮಿಯ ಕುರಿತು ಬಹುಕಾಲದಿಂದ ಕೆಲಸ ನಡೆದಿದೆ. ಪ್ರಾಚಾರ್ಯರ ಪತ್ರ ಮತ್ತು ಒಂದು ಪುಟದ ಬರಹ ಹಿಡಿದು ಹೋಗಿ. "ನನಗೆ ಸಂಶೋಧನೆಯಲ್ಲಿ ಆಸಕ್ತಿಯಿದೆ" ಎಂದಷ್ಟೇ ಬರೆದ ಪತ್ರಕ್ಕೆ ಯಾರೂ ಉತ್ತರಿಸುವುದಿಲ್ಲ. "ಕಾಲುವೆಯ ಪಕ್ಕದ ಗದ್ದೆಗೂ ಹಳ್ಳದ ಬದಿಯ ಗದ್ದೆಗೂ ಲವಣಾಂಶದಲ್ಲಿ ಎಷ್ಟು ವ್ಯತ್ಯಾಸವಿದೆ ಎಂದು ಅಳೆಯಬೇಕೆಂದಿದ್ದೇನೆ" ಎಂದು ಬರೆದರೆ ಓದಿದವರಿಗೆ ಸಹಾಯ ಮಾಡಲು ಒಂದು ಹಿಡಿ ಸಿಗುತ್ತದೆ.

ಕೆಲಸದ ಬಗ್ಗೆ ಎರಡು ಮಾತು. ಮಣ್ಣನ್ನು 0–15 ಮತ್ತು 15–30 ಸೆಂಟಿಮೀಟರ್ ಆಳಗಳಿಂದ ಬೇರೆ ಬೇರೆಯಾಗಿ ತೆಗೆಯಿರಿ. ಬೇಸಿಗೆಯಲ್ಲಿ ನೀರು ಆವಿಯಾಗಿ ಲವಣ ಮೇಲ್ಪದರಕ್ಕೆ ಏರಿರುತ್ತದೆ, ನೀರು ಹಾಯಿಸಿದ ಮೇಲೆ ಕೆಳಗಿಳಿಯುತ್ತದೆ. ಆದ್ದರಿಂದ ಎಲ್ಲ ಗದ್ದೆಗಳ ಮಾದರಿಯನ್ನೂ ಒಂದೇ ಕಾಲದಲ್ಲಿ ತೆಗೆಯದಿದ್ದರೆ ಹೋಲಿಕೆಗೆ ಅರ್ಥವಿರುವುದಿಲ್ಲ. ಲವಣ ಹೆಚ್ಚಿದಷ್ಟೂ ದ್ರಾವಣದ ವಿದ್ಯುತ್ ವಾಹಕತೆ ಹೆಚ್ಚುವುದರಿಂದ ಅದನ್ನೇ ಅಳೆಯುತ್ತಾರೆ. ಪುಸ್ತಕಗಳಲ್ಲಿ ಸವಳು ಮಣ್ಣಿಗೆ ಹೇಳುವ ವಾಹಕತೆಯ ಮಿತಿ, ಅಂದರೆ ಮೀಟರಿಗೆ 4 ಡೆಸಿಸೀಮನ್ಸ್, ಮಣ್ಣನ್ನು ನೀರಿನಿಂದ ಸಂತೃಪ್ತಗೊಳಿಸಿ ಬಸಿದು ತೆಗೆದ ದ್ರಾವಣಕ್ಕೆ ಸಂಬಂಧಿಸಿದ್ದು. ಕಾಲೇಜಿನಲ್ಲಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆದರೆ ಅಂಕಿ ಕಡಿಮೆಯೇ ಬರುತ್ತದೆ. ಅದನ್ನು ನೇರವಾಗಿ 4ರ ಜೊತೆ ಹೋಲಿಸಿ "ಮಣ್ಣು ಚೆನ್ನಾಗಿದೆ" ಎಂದು ಬರೆದ ವರದಿಗಳನ್ನು ಕಂಡಿದ್ದೇನೆ. ರಸಸಾರ (ಪಿಎಚ್) 8.5ಕ್ಕಿಂತ ಹೆಚ್ಚು ಬಂದರೆ ಸೋಡಿಯಂನ ಪ್ರಶ್ನೆಯೂ ಸೇರಿಕೊಳ್ಳುತ್ತದೆ; ಅಂಥ ಮಾದರಿಗಳನ್ನು ಕೇಂದ್ರದವರಿಗೆ ತೋರಿಸಿ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದಗಳು ಸರ್. ಹಣ ಕಟ್ಟಿದರೆ ವಾರದೊಳಗೆ ಲೇಖನ ಪ್ರಕಟಿಸುತ್ತೇವೆ ಎಂಬ ಸಂದೇಶವೊಂದು ನಮ್ಮ ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಬಂದಿದೆ. ಫೆಲೋಶಿಪ್ ಅರ್ಜಿಗೆ ಇಂಥ ಪ್ರಕಟಣೆ ಅಗತ್ಯವೇ?

ಉತ್ತರ: ರಸಾಯನಶಾಸ್ತ್ರ ಉಪನ್ಯಾಸಕ, ಬಳ್ಳಾರಿ

ಖಂಡಿತ ಅಗತ್ಯವಿಲ್ಲ. ವಾರದೊಳಗೆ ಪರಿಣತರ ಪರಿಶೀಲನೆ ಮುಗಿಸುವುದು ಯಾವ ಒಳ್ಳೆಯ ಪತ್ರಿಕೆಗೂ ಸಾಧ್ಯವಿಲ್ಲ, ಮತ್ತು ಅಂಥ ಕಡೆ ಅಚ್ಚಾದ ಲೇಖನ ಮುಂದೆ ನಿಮಗೇ ತೊಡಕಾಗಬಹುದು. ಆ ಹಣವನ್ನು ಮಾದರಿಗಳ ಪರೀಕ್ಷೆಗೆ ಖರ್ಚು ಮಾಡಿ. ಕಿರುಬರಹದಲ್ಲಿ ಈ ಗದ್ದೆಗಳ ವಿಷಯವನ್ನೇ ಬರೆಯಿರಿ. ಅಷ್ಟರೊಳಗೆ ಹತ್ತಿಪ್ಪತ್ತು ಮಾದರಿಗಳ ಅಳತೆ ಕೈಯಲ್ಲಿದ್ದರೆ ಶಿಫಾರಸು ಬರೆಯುವ ಅಧ್ಯಾಪಕರಿಗೂ "ಶ್ರದ್ಧೆಯುಳ್ಳ ವಿದ್ಯಾರ್ಥಿನಿ" ಎಂಬ ಸವಕಲು ಮಾತಿನ ಬದಲು ಹೇಳಲು ಏನಾದರೂ ಇರುತ್ತದೆ. ಮಾದರಿ ತೆಗೆಯುವ ಮೊದಲು ಗದ್ದೆಯ ಮಾಲೀಕರ ಒಪ್ಪಿಗೆ ಕೇಳಿ, ಫಲಿತಾಂಶವನ್ನು ಅವರಿಗೂ ತಿಳಿಸಿ.