ಆಸ್ಪತ್ರೆಯ ಪಿಆರ್‌ಒ ಹುದ್ದೆಯ ಸಂದರ್ಶನ: ಎಂಟು ದಿನಗಳಲ್ಲಿ ಏನು ಓದಲಿ?

ಪ್ರಶ್ನೆ (ಧಾರವಾಡದಿಂದ):
ನಮಸ್ಕಾರ ಮೇಡಂ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಎಂ.ಎ. ಮುಗಿಸಿ, ಒಂದು ವರ್ಷ ದಿನಪತ್ರಿಕೆಯೊಂದರಲ್ಲಿ ಉಪಸಂಪಾದಕಿಯಾಗಿದ್ದೆ. ಬರುವ ವಾರ ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಸಾರ್ವಜನಿಕ ಸಂಪರ್ಕಾಧಿಕಾರಿ ಹುದ್ದೆಗೆ ಸಂದರ್ಶನವಿದೆ. ವ್ಯಾಖ್ಯೆಗಳನ್ನೆಲ್ಲ ಬಾಯಿಪಾಠ ಮಾಡಿದ್ದೇನೆ. ಅಷ್ಟು ಸಾಕೇ? ಇಂಗ್ಲಿಷಿನಲ್ಲಿ ಸರಾಗವಾಗಿ ಮಾತನಾಡಲು ಬರುವುದಿಲ್ಲವೆಂಬ ಅಳುಕೂ ಇದೆ.

ಉತ್ತರ:
ನಮಸ್ಕಾರ. ವ್ಯಾಖ್ಯೆಗಳನ್ನು ಬದಿಗಿಟ್ಟು ದಿನಕ್ಕೊಂದು ಪತ್ರಿಕಾ ಪ್ರಕಟಣೆ ಬರೆಯಿರಿ. ಹತ್ತೊಂಬತ್ತು ವರ್ಷ ಈ ವೃತ್ತಿಯಲ್ಲಿದ್ದು, ಈಚೆಗೆ ಸಂದರ್ಶನ ಮಂಡಳಿಯಲ್ಲಿಯೂ ಕುಳಿತಿರುವ ನಾನು ಕಂಡಂತೆ, ನಿರರ್ಗಳವಾಗಿ ಮಾತನಾಡಿದ ಎಷ್ಟೋ ಅಭ್ಯರ್ಥಿಗಳು ನಾಲ್ಕು ಸಾಲಿನ ಮಾಹಿತಿ ಕೊಟ್ಟು ಅರ್ಧ ಗಂಟೆಯಲ್ಲಿ ಪ್ರಕಟಣೆ ಬರೆಯಿರಿ ಎಂದಾಗ ತಡವರಿಸುತ್ತಾರೆ. ಕಲಘಟಗಿಯಲ್ಲಿ ಉಚಿತ ಹೃದಯ ತಪಾಸಣಾ ಶಿಬಿರವಿದೆ ಎಂದುಕೊಳ್ಳಿ: ಯಾವಾಗ, ಎಲ್ಲಿ, ಯಾರಿಗೆ, ಏನು ತರಬೇಕು ಎಂಬುದು ಮೊದಲ ಪ್ಯಾರಾದಲ್ಲಿಯೇ ಬರಬೇಕು, ಉದ್ಘಾಟಕರ ಹೆಸರು ಕೊನೆಗಿರಲಿ.

ಇದು ನಿಮಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಉಪಸಂಪಾದಕಿಯಾಗಿ ದಿನವೂ ಇಂಥ ಪ್ರಕಟಣೆಗಳನ್ನು ಕತ್ತರಿಸಿದ್ದೀರಿ, ಯಾವುದು ಯಾಕೆ ಕಸದ ಬುಟ್ಟಿಗೆ ಹೋಯಿತೆಂಬುದನ್ನು ಬಲ್ಲಿರಿ. ಸಂದರ್ಶನದಲ್ಲಿ ಅದನ್ನೇ ಉದಾಹರಣೆ ಸಹಿತ ಹೇಳಿ. ಒಂದೇ ವರ್ಷದ ಅನುಭವವೆಂದು ಸಂಕೋಚಪಡಬೇಡಿ. ಹುಬ್ಬಳ್ಳಿಯ ಆಸ್ಪತ್ರೆಗಳಿಗೆ ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆಗಳಿಂದಲೂ ರೋಗಿಗಳು ಬರುತ್ತಾರಾದ್ದರಿಂದ, ಸುದ್ದಿಯನ್ನು ಹುಬ್ಬಳ್ಳಿ–ಧಾರವಾಡದ ಪುಟಕ್ಕೆ ಮಾತ್ರ ಕಳುಹಿಸದೆ ಆ ಜಿಲ್ಲೆಗಳ ವರದಿಗಾರರಿಗೂ, 1950ರಿಂದ ಈ ಭಾಗದ ಮನೆಮಾತಾಗಿರುವ ಧಾರವಾಡ ಆಕಾಶವಾಣಿಗೂ ತಲುಪಿಸುವ ಯೋಜನೆಯನ್ನು ಮುಂದಿಟ್ಟರೆ ಮಂಡಳಿಯವರು ಖಂಡಿತ ಕಿವಿಗೊಡುತ್ತಾರೆ.

ವೃತ್ತಿಯ ಮೊದಲ ವರ್ಷ ನಾನು ಕಣ್ಣಿನ ಶಿಬಿರವೊಂದರ ದಿನಾಂಕವನ್ನು ತಪ್ಪಾಗಿ ಬರೆದೆ. ನವಲಗುಂದದ ಕಡೆಯ ಹಳ್ಳಿಗಳಿಂದ ವಯಸ್ಸಾದವರು ಒಂದು ದಿನ ಮೊದಲೇ ಬಸ್ಸು ಹಿಡಿದು ಬಂದು, ಬೀಗ ಹಾಕಿದ ಬಾಗಿಲ ಮುಂದೆ ಕುಳಿತಿದ್ದರು. ಅಂದಿನಿಂದ ದಿನಾಂಕದ ಜೊತೆ ವಾರವನ್ನೂ ಬರೆದು, ಕ್ಯಾಲೆಂಡರಿನೊಂದಿಗೆ ತಾಳೆ ನೋಡದೆ ಯಾವ ಪ್ರಕಟಣೆಯನ್ನೂ ಕಳುಹಿಸಿಲ್ಲ. ನಿಮ್ಮ ತಪ್ಪೊಂದನ್ನು ಹೇಳಿ ಎಂದು ಕೇಳಿದರೆ ನೀವೂ ನಿಜವಾಗಿ ನಡೆದದ್ದನ್ನೇ ಹೇಳಿ.

ಇಂಗ್ಲಿಷಿಗಾಗಿ, ಬರೆದ ಪ್ರತಿ ಕನ್ನಡ ಪ್ರಕಟಣೆಯನ್ನೂ ಇಂಗ್ಲಿಷಿನಲ್ಲಿ ಮತ್ತೆ ಬರೆದು ಗಟ್ಟಿಯಾಗಿ ಓದಿರಿ. ಸಣ್ಣ ವಾಕ್ಯಗಳೇ ಸಾಕು.

ಪ್ರಶ್ನೆ (ಗದಗದಿಂದ, ಇನ್ನೊಬ್ಬ ಸದಸ್ಯರು):
ಮೇಡಂ, ಇಂಥದೇ ಸಂದರ್ಶನದಲ್ಲಿ ನನಗೆ, "ರೋಗಿ ತೀರಿಕೊಂಡಿದ್ದಾರೆ, ಸಂಬಂಧಿಕರು ಗೇಟಿನಲ್ಲಿ ಗಲಾಟೆ ಮಾಡುತ್ತಿದ್ದಾರೆ, ಟಿ.ವಿ. ಕ್ಯಾಮೆರಾ ಬಂದಿದೆ, ಏನು ಹೇಳುತ್ತೀರಿ?" ಎಂದು ಕೇಳಿದರು. ಆಸ್ಪತ್ರೆಯದು ಏನೂ ತಪ್ಪಿಲ್ಲ ಎಂದು ಹೇಳುತ್ತೇನೆ ಎಂದೆ. ಆಯ್ಕೆಯಾಗಲಿಲ್ಲ.

ಉತ್ತರ:
ತಪ್ಪಿಲ್ಲವೆಂಬುದು ಆ ಗಳಿಗೆಯಲ್ಲಿ ನಿಮಗೆ ಹೇಗೆ ಗೊತ್ತು? ನಾಳೆ ತಪ್ಪು ಕಂಡುಬಂದರೆ ನಿಮ್ಮ ಮುಂದಿನ ಮಾತನ್ನು ಯಾವ ವರದಿಗಾರರೂ ನಂಬುವುದಿಲ್ಲ. ಮೊದಲು ಹೋಗಬೇಕಾದದ್ದು ಕ್ಯಾಮೆರಾದ ಬಳಿಗಲ್ಲ, ಆ ಕುಟುಂಬದ ಬಳಿಗೆ. ಹಿರಿಯ ವೈದ್ಯರೊಬ್ಬರನ್ನು ಕರೆದುಕೊಂಡು ಹೋಗಿ, ಕುಟುಂಬದವರನ್ನು ಒಳಗೆ ಕೂರಿಸಿ, ಅವರ ಮಾತು ಕೇಳಬೇಕು. ಬಳಿಕ ಮಾಧ್ಯಮದವರಿಗೆ ದುಃಖವನ್ನು ತಿಳಿಸಿ, ಖಚಿತಪಟ್ಟಷ್ಟನ್ನು ಮಾತ್ರ ಹೇಳಿ, ಮುಂದಿನ ಮಾಹಿತಿಯನ್ನು ಯಾರು ಎಷ್ಟು ಗಂಟೆಗೆ ಕೊಡುತ್ತಾರೆಂದು ತಿಳಿಸಿ, ಆ ಗಂಟೆಗೆ ತಪ್ಪದೆ ಹಾಜರಿರಬೇಕು. ರೋಗಿಯ ಕಾಯಿಲೆಯ ವಿವರವನ್ನು ಕುಟುಂಬದ ಒಪ್ಪಿಗೆಯಿಲ್ಲದೆ ಬಾಯಿಬಿಡಬಾರದು.

1906ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯ ಬಳಿ ರೈಲು ಅಪಘಾತವಾದಾಗ, ಪೆನ್ಸಿಲ್ವೇನಿಯಾ ರೈಲ್ವೆಯ ಪರವಾಗಿ ಐವಿ ಲೀ ಎಂಬುವರು ಸುದ್ದಿಯನ್ನು ಮುಚ್ಚಿಡದೆ ತಾವೇ ಹೇಳಿಕೆ ಬರೆದು ಪತ್ರಿಕೆಗಳಿಗೆ ಕೊಟ್ಟರು. ಅದನ್ನೇ ಮೊದಲ ಪತ್ರಿಕಾ ಪ್ರಕಟಣೆಯೆಂದು ನಮ್ಮ ವೃತ್ತಿಯ ಪಾಠಗಳಲ್ಲಿ ಹೇಳುತ್ತಾರೆ. ಕೆಟ್ಟ ಸುದ್ದಿಯಿಂದಲೇ ಶುರುವಾದ ಕೆಲಸವಿದು.

ಪ್ರಶ್ನೆ (ಧಾರವಾಡದಿಂದ):
ಧನ್ಯವಾದಗಳು ಮೇಡಂ. ನಿಮ್ಮದೇನಾದರೂ ಪ್ರಶ್ನೆ ಇದೆಯೇ ಎಂದು ಅವರು ಕೇಳಿದರೆ?

ಉತ್ತರ:
ರಾತ್ರಿ ಹನ್ನೊಂದಕ್ಕೆ ವರದಿಗಾರರ ಫೋನು ಬಂದರೆ, ಉತ್ತರ ಕೊಡುವ ಅಧಿಕಾರವುಳ್ಳ ಯಾರನ್ನು ನಾನು ಎಬ್ಬಿಸಬಹುದು ಎಂದು ಕೇಳಿ. ಅವರ ಬಳಿ ಹೆಸರು ಸಿದ್ಧವಿಲ್ಲದಿದ್ದರೆ, ಆ ಕೆಲಸ ಒಪ್ಪಿಕೊಳ್ಳುವ ಮೊದಲು ಇನ್ನೊಮ್ಮೆ ಯೋಚಿಸಿ.