ಪದಚರ್ಚೆ: 'ಎಥ್ನಿಕ್ ಮೈನಾರಿಟಿ'ಗೆ 'ಅಲ್ಪಸಂಖ್ಯಾತರು' ಸಾಕಾ?

ಎಲ್ಲರಿಗೂ ನಮಸ್ಕಾರ.

ಕೋವಿಡ್ ಕಾಲದ ಬ್ರಿಟನ್ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಎರಡು ಇಂಗ್ಲಿಷ್ ಪದಗಳಿಗೆ ಸರಿಯಾದ ಕನ್ನಡ ಹುಡುಕಲು ನಿಮ್ಮ ಸಹಾಯ ಬೇಕು.

ಮೊದಲನೆಯದು ಎಥ್ನಿಕ್ ಮೈನಾರಿಟಿ. 'ಅಲ್ಪಸಂಖ್ಯಾತರು' ಅಂದ ಕೂಡಲೇ ನಮಗೆ ನೆನಪಾಗುವುದು ಧರ್ಮ: ಮುಸ್ಲಿಮರು, ಕ್ರೈಸ್ತರು, ಜೈನರು. ಬ್ರಿಟನ್ನಿನ ಲೆಕ್ಕವೇ ಬೇರೆ, ಅಲ್ಲಿ ನೋಡುವುದು ಮುಖ್ಯವಾಗಿ ಜನರ ಮೂಲವನ್ನು. ಅಲ್ಲಿ ದಾವಣಗೆರೆಯಿಂದ ಹೋದ ಲಿಂಗಾಯತ ಡಾಕ್ಟರೂ ಎಥ್ನಿಕ್ ಮೈನಾರಿಟಿಯೇ. 2020ರ ಏಪ್ರಿಲ್ ಹೊತ್ತಿಗೆ ಅಲ್ಲಿ ಕೋವಿಡ್‌ನಿಂದ ತೀರಿಕೊಂಡರೆಂದು ಹೆಸರು ಹೊರಬಂದ ಮೊದಲ ಹತ್ತು ಡಾಕ್ಟರುಗಳಲ್ಲಿ ಬಿಳಿಯರು ಒಬ್ಬರೂ ಇರಲಿಲ್ಲ. ಅವರನ್ನು ಸುಮ್ನೆ 'ಅಲ್ಪಸಂಖ್ಯಾತ ಡಾಕ್ಟರುಗಳು' ಅಂದುಬಿಟ್ಟರೆ ಓದುವವರು ಬೇರೆಯದನ್ನೇ ಅರ್ಥ ಮಾಡಿಕೊಳ್ಳುತ್ತಾರೆ, ಅಲ್ವಾ?

'ಜನಾಂಗೀಯ' ಸೇರಿಸಬಹುದು. ಆದರೆ ನಮ್ಮಲ್ಲಿ ಜಾತಿಯೂ ಜನಾಂಗ, 'ಯುವಜನಾಂಗ'ವೂ ಜನಾಂಗ. 'ವಲಸಿಗರು' ಅಂತೂ ತಪ್ಪು, ಎಷ್ಟೋ ಜನ ಅಲ್ಲೇ ಹುಟ್ಟಿ ಬೆಳೆದವರು. ಆದಷ್ಟು ಕಡೆ 'ಬಾಂಗ್ಲಾದೇಶ ಮೂಲದವರು', 'ಕೆರಿಬಿಯನ್ ಮೂಲದವರು' ಅಂತ ಬಿಡಿಸಿಯೇ ಬರೆಯಬೇಕು ಅನ್ನುವುದು ನನ್ನ ಅಭಿಪ್ರಾಯ. ಯಾಕೆಂದರೆ ಎಲ್ಲರಿಗೂ ಬಿದ್ದ ಪೆಟ್ಟು ಒಂದೇ ಅಲ್ಲ. ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆಯಾಗಿದ್ದ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್‌ನ 2020ರ ಜೂನ್ ವರದಿ ನೋಡಿ. ಸೋಂಕು ದೃಢಪಟ್ಟವರಲ್ಲಿ ವಯಸ್ಸು, ಲಿಂಗ, ಬಡತನ, ಪ್ರದೇಶ ಎಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ಬಾಂಗ್ಲಾದೇಶ ಮೂಲದವರು ಸಾಯುವ ಅಪಾಯ ಬಿಳಿ ಬ್ರಿಟಿಷರಿಗಿಂತ ಸುಮಾರು ಎರಡು ಪಟ್ಟು ಇತ್ತು. ಭಾರತ, ಪಾಕಿಸ್ತಾನ, ಕೆರಿಬಿಯನ್ ಮೂಲದವರಿಗೆ ಶೇ 10ರಿಂದ 50ರಷ್ಟು ಜಾಸ್ತಿ. ಎಲ್ಲರನ್ನೂ ಒಟ್ಟು ಸೇರಿಸುವ 'ಬೇಮ್' (BAME: ಬ್ಲ್ಯಾಕ್, ಏಷ್ಯನ್ ಅಂಡ್ ಮೈನಾರಿಟಿ ಎಥ್ನಿಕ್) ಎಂಬ ಪದವನ್ನು ಅಲ್ಲಿನ ಸರ್ಕಾರವೇ ಆಮೇಲೆ ಕೈಬಿಟ್ಟಿತು.

ಎರಡನೆಯದು ಹೆಲ್ತ್ ಇನ್‌ಈಕ್ವಾಲಿಟಿ, ಅಂದರೆ ಒಂದು ಗುಂಪಿನವರ ಆರೋಗ್ಯ ಇನ್ನೊಂದು ಗುಂಪಿನವರದಕ್ಕಿಂತ ಅನ್ಯಾಯವಾಗಿ ಹದಗೆಟ್ಟಿರುವುದು. ಇದೇ ಜಾಸ್ತಿ ಕಾಡುತ್ತಿದೆ. 'ಆರೋಗ್ಯದಲ್ಲಿ ಏರುಪೇರು' ಅಂದರೆ ಯಾರಿಗೋ ಹುಷಾರಿಲ್ಲ ಅಂತಾಗುತ್ತದೆ. 'ತಾರತಮ್ಯ' ಅಂದರೆ ಯಾರೋ ಬೇಕಂತಲೇ ಭೇದ ಮಾಡಿದರು ಎಂಬ ಅರ್ಥ ಬರುತ್ತದೆ. ಆದರೆ ಯಾರೂ ಬೇಕಂತ ಮಾಡದೆಯೂ ಇದು ಆಗಬಹುದು. ಕೋವಿಡ್ ಹೊತ್ತಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಎಷ್ಟೋ ಮನೆಗಳಿಗೆ ಬಂದಿತ್ತಲ್ಲ? ಚರ್ಮ ಕಪ್ಪಗಿದ್ದರೆ ಅದು ಕೆಲವೊಮ್ಮೆ ಇರುವುದಕ್ಕಿಂತ ಜಾಸ್ತಿ ಆಕ್ಸಿಜನ್ ತೋರಿಸುತ್ತದೆ. ರಕ್ತದಲ್ಲಿ ಆಕ್ಸಿಜನ್ ಕುಸಿದಿದ್ದರೂ ಅದರಲ್ಲಿ ಕಾಣದೆ ಹೋಗುವುದು ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಎಂದು ಅಮೆರಿಕದ ಅಧ್ಯಯನವೊಂದು 2020ರ ಡಿಸೆಂಬರ್‌ನಲ್ಲಿ ಹೇಳಿತು. ಅಲ್ಲಿ ಯಾರೂ ಬೇಕಂತ ಭೇದ ಮಾಡಲಿಲ್ಲ. ಆದರೂ ಅನ್ಯಾಯ ಆಯಿತು. ಇದಕ್ಕೆ 'ತಾರತಮ್ಯ' ಹೊಂದುವುದಿಲ್ಲ. ಬರೀ 'ವ್ಯತ್ಯಾಸ' ಅಂದರೆ ಅನ್ಯಾಯವೇ ಮರೆಯಾಗುತ್ತದೆ.

ಸದ್ಯಕ್ಕೆ 'ಆರೋಗ್ಯ ಅಸಮಾನತೆ' ಅಂತ ಬರೆದಿಟ್ಟಿದ್ದೇನೆ. ತಲೆಬರಹಕ್ಕೆ ಅದು ತೀರಾ ಒಣಕಲು. ಆಡುಮಾತಿಗೆ ಹತ್ತಿರದ ಪದ ನಿಮ್ಮ ಕಡೆ ಇದೆಯೇ?